ನಡುಗಂಬದಿಂದ ಬೆಂಚಿನ ತುದಿಗೆ

ಮೇ ತಿಂಗಳು ಬಂತೆಂದರೆ ತಮಿಳುನಾಡಿನ ತೇನಿ ಜಿಲ್ಲೆಯ ಪೆರಿಯಕುಳಂನಲ್ಲಿ ಬ್ಯಾಸ್ಕೆಟ್‌ಬಾಲ್ ಹಬ್ಬ. ಅಲ್ಲಿನ ಸಿಲ್ವರ್ ಜುಬಿಲಿ ಸ್ಪೋರ್ಟ್ಸ್ ಕ್ಲಬ್ ನಡೆಸುವ ಅಖಿಲ ಭಾರತ ಟೂರ್ನಿಗೆ ಅರ್ಧ ಶತಮಾನಕ್ಕೂ ಮಿಕ್ಕಿದ ವಯಸ್ಸು. ಬಿಸಿಲು ಇಳಿದ ಮೇಲೆ ಹೊನಲು ಬೆಳಕಿನಲ್ಲಿ ಆಟ ಶುರು. ಚೆನ್ನೈನ ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ನೌಕಾಪಡೆ, ಸೇನೆ, ಬೆಂಗಳೂರಿನ ವಿಜಯಾ ಬ್ಯಾಂಕ್ ಇಂಥ ತಂಡಗಳೆಲ್ಲ ಈ ಊರಿನ ಅಂಕಣಕ್ಕೆ ಬಂದು ಆಡಿವೆ. ದೇಶದ ತಂಡದ ಜೆರ್ಸಿ ತೊಟ್ಟವರನ್ನು ಹತ್ತಡಿ ದೂರದಿಂದ ನೋಡುವ ಭಾಗ್ಯ ಮಹಾನಗರಗಳ ಮಕ್ಕಳಿಗೂ ಸುಲಭಕ್ಕೆ ಸಿಗದು. ಈ ಜಿಲ್ಲೆಯ ಮಕ್ಕಳಿಗೆ ಅದು ಬೇಸಿಗೆ ರಜೆಯ ಭಾಗ.

ಪೆರಿಯಕುಳಂನಿಂದ ದಕ್ಷಿಣಕ್ಕೆ ಸುಮಾರು ಐವತ್ತು ಕಿಲೋಮೀಟರ್ ಸಾಗಿದರೆ, ಪಶ್ಚಿಮಘಟ್ಟದ ಬುಡಕ್ಕೆ ಆತುಕೊಂಡಿರುವ ಕೊಂಬೈ. ಬೇಟೆನಾಯಿಯ ತಳಿಯೊಂದಕ್ಕೆ ಹೆಸರು ಕೊಟ್ಟ ಊರು. ಇಲ್ಲಿಂದ ಕಂಬಂ, ಉತ್ತಮಪಾಳ್ಯ, ತೇವಾರಂ, ಬೋಡಿವರೆಗೆ ಮನೆಯೊಳಗೆ ಕನ್ನಡ ಮಾತಾಡುವ ಕಪ್ಪಿಲಿಯರು, ಒಕ್ಕಲಿಗರು, ದೇವಾಂಗರು ತಲೆಮಾರುಗಳಿಂದ ಬಾಳಿದ್ದಾರೆ. ಶಾಲೆಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ, ಗುಡ್ಡದಾಚೆಯ ಏಲಕ್ಕಿ ತೋಟಕ್ಕೆ ಹೋದರೆ ಮಲಯಾಳ. ಒಂದು ನೆಲದಿಂದ ಇನ್ನೊಂದು ನೆಲಕ್ಕೆ ಹೋಗಿ ಬೇರೂರುವುದು ಹೇಗೆಂಬುದು ಇವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಆದರೆ ಆ ಬೇರೂರುವಿಕೆ ಕುಲ, ದೇವರು, ದನಕರು ಎಲ್ಲವನ್ನೂ ಜೊತೆಗೆ ಕಟ್ಟಿಕೊಂಡು, ನಿಧಾನವಾಗಿ ನಡೆದದ್ದು. ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರ ಹೊರದೇಶಕ್ಕೆ ಹೋಗುವುದು ಒಬ್ಬನೇ, ಎರಡು ಚೀಲ ಹಿಡಿದು, ಐದಾರು ತಿಂಗಳ ಒಪ್ಪಂದದ ಮೇಲೆ. ಬೇರು ಬಿಡುವಷ್ಟು ಹೊತ್ತು ಅವನಿಗಿಲ್ಲ. ಮೊದಲ ವಾರದಲ್ಲೇ ಆಡಿ ತೋರಿಸಬೇಕು.

ಪೆರಿಯಕುಳಂನ ಅಂಕಣದ ಅಂಚಿನಲ್ಲಿ ಕೂತ ಹುಡುಗ ಆಟದ ತುತ್ತತುದಿ ಎಂದು ನೋಡುವುದೇನನ್ನು? ಬ್ಯಾಂಕ್ ತಂಡ, ರೈಲ್ವೆ ತಂಡ, ಸೇನೆಯ ತಂಡ. ಭಾರತದಲ್ಲಿ ಬ್ಯಾಸ್ಕೆಟ್‌ಬಾಲ್‌ನಿಂದ ಬದುಕುವುದೆಂದರೆ ಬಹುತೇಕ ‘ಕ್ರೀಡಾ ಕೋಟಾ’ದ ನೌಕರಿ. ತಿಂಗಳ ಸಂಬಳ, ವೈದ್ಯಕೀಯ ಸೌಲಭ್ಯ, ಆಟ ಮುಗಿದ ಮೇಲೂ ಉಳಿಯುವ ಕುರ್ಚಿ. ಬಡ ಮತ್ತು ಮಧ್ಯಮ ವರ್ಗದ ಎಷ್ಟೋ ಮನೆಗಳನ್ನು ಮೇಲೆತ್ತಿದ ಈ ವ್ಯವಸ್ಥೆಯನ್ನು ಹಗುರಾಗಿ ನೋಡುವುದು ತಪ್ಪು. ಹೊರದೇಶದ ಆಟದ ಬದುಕು ಮಾತ್ರ ಇದರ ತದ್ವಿರುದ್ಧ ತತ್ವದ ಮೇಲೆ ನಿಂತಿದೆ. ಅಲ್ಲಿ ಭದ್ರತೆ ಇಲ್ಲ, ಬೇಡಿಕೆ ಇದೆ. ನಮ್ಮ ಆಟಗಾರರು ಅಲ್ಲಿ ಪಟ್ಟ ಪಾಡಿನ ಬೇರು ಚಳಿಯಲ್ಲೂ ಇಲ್ಲ, ಊಟದಲ್ಲೂ ಇಲ್ಲ. ಅದು ಈ ಎರಡು ಲೋಕಗಳ ನಡುವಿನ ಕಂದಕದಲ್ಲಿದೆ.

ಸತ್ನಾಂ ಸಿಂಗ್ ಭಮರನ ಕಥೆಯನ್ನೇ ನೋಡಿ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ರೈತನ ಮಗ. ಅಪ್ಪನೂ ಏಳಡಿ ಮೀರಿದ ಆಳು. ಲೂಧಿಯಾನ ಬ್ಯಾಸ್ಕೆಟ್‌ಬಾಲ್ ಅಕಾಡೆಮಿಯಲ್ಲಿ ಕೋಚ್ ಎಸ್. ಸುಬ್ರಮಣಿಯನ್ ಅವರ ಕೈಯಲ್ಲಿ ಪಳಗಿದ ಸತ್ನಾಂ 2010ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಫ್ಲಾರಿಡಾದಲ್ಲಿರುವ ಐಎಂಜಿ ಅಕಾಡೆಮಿಗೆ ಹೋದ. ಇಂಗ್ಲಿಷ್ ಬಾರದು. ಏಳಡಿ ದಾಟುತ್ತಿದ್ದ ಮೈಯೊಳಗೆ ಇದ್ದದ್ದು ಊರು ಬಿಟ್ಟ ಬಾಲಕ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಭಾಷೆ ಬಾರದಿರುವುದು ಊಟದ ಮೇಜಿನ ತೊಂದರೆಯಷ್ಟೇ ಅಲ್ಲ, ಅದು ಆಟದ ದೋಷವೇ ಆಗುತ್ತದೆ. ಇಂದಿನ ರಕ್ಷಣಾ ಆಟ ನಿಂತಿರುವುದು ಮಾತಿನ ಮೇಲೆ. ಎದುರಾಳಿ ಅಡ್ಡ ನಿಲ್ಲಲು ಬರುತ್ತಿದ್ದಾನೆ, ನೀನು ಎಡಕ್ಕೆ ಸರಿ, ಅವನನ್ನು ನಾನು ಹಿಡಿಯುತ್ತೇನೆ ಎಂದು ಅರೆಕ್ಷಣದಲ್ಲಿ ಕೂಗಬೇಕು. ಇಡೀ ಅಂಕಣವನ್ನು ಹಿಂದಿನಿಂದ ನೋಡುವವನು ‘ಸೆಂಟರ್’ ಆದ್ದರಿಂದ ಹೆಚ್ಚು ಕೂಗಬೇಕಾದವನೂ ಅವನೇ. ಭಾರತದಿಂದ ಹೊರಗೆ ಹೋದ ಗಂಡಸರಲ್ಲಿ ಬಹುಪಾಲು ಎತ್ತರದವರು, ಅಂದರೆ ಸೆಂಟರ್‌ಗಳು ಅಥವಾ ಫಾರ್ವರ್ಡ್‌ಗಳು. ಮಾತು ಬಾರದ ಕಡೆ ಅತಿ ಹೆಚ್ಚು ಮಾತಿನ ಕೆಲಸ ಬಿದ್ದದ್ದು ಇವರ ಪಾಲಿಗೆ. ಕೋಚ್ ಹಲಗೆಯ ಮೇಲೆ ಗೀಚಿದ ತಂತ್ರ ಅರ್ಥವಾಗಲು ಎರಡು ಸೆಕೆಂಡು ತಡವಾದರೆ ಆಟಗಾರ ಮಂದಬುದ್ಧಿಯವನೆಂದು ನೋಡುವವರ ಕಣ್ಣಿಗೆ ಕಾಣುತ್ತದೆ. ನಿಜದಲ್ಲಿ ಅವನು ಮನಸ್ಸಿನೊಳಗೆ ಅನುವಾದ ಮಾಡಿಕೊಳ್ಳುತ್ತಿರುತ್ತಾನೆ.

2015ರ ಜೂನ್ 25ರಂದು ಡಲ್ಲಾಸ್ ಮಾವೆರಿಕ್ಸ್ ತಂಡ, ಅಮೆರಿಕದ ಅಗ್ರ ಲೀಗ್ ಎನ್‌ಬಿಎಗೆ ಹೊಸಬರನ್ನು ಆರಿಸುವ ಡ್ರಾಫ್ಟ್‌ನ 52ನೇ ಆಯ್ಕೆಯಾಗಿ ಸತ್ನಾಂ ಹೆಸರು ಕೂಗಿತು. ಭಾರತದಲ್ಲಿ ಹುಟ್ಟಿದ ಆಟಗಾರನೊಬ್ಬ ಹಾಗೆ ಆಯ್ಕೆಯಾದದ್ದು ಅದೇ ಮೊದಲು. ಪತ್ರಿಕೆಗಳ ಮುಖಪುಟ, ಸಾಕ್ಷ್ಯಚಿತ್ರ ಎಲ್ಲವೂ ಬಂದವು. ಆಟದ ನಿಮಿಷಗಳು ಬರಲಿಲ್ಲ. ಮಾವೆರಿಕ್ಸ್‌ನ ಅಂಗತಂಡ ಟೆಕ್ಸಾಸ್ ಲೆಜೆಂಡ್ಸ್‌ನಲ್ಲಿ ಎರಡು ಋತು ಕಳೆದರೂ ಹೆಚ್ಚಿನ ಸಂಜೆಗಳು ಬೆಂಚಿನ ಮೇಲೇ ಹೋದವು. ಎನ್‌ಬಿಎ ಪಂದ್ಯವೊಂದರಲ್ಲಿ ಆತ ಕಾಲಿಡಲೇ ಇಲ್ಲ. ಆತ ಆಯ್ಕೆಯಾದ ಹೊತ್ತಿಗೆ ಆ ಲೀಗ್‌ನ ಆಟವೇ ಬದಲಾಗುತ್ತಿತ್ತು. ಬುಟ್ಟಿಯಡಿ ಬೆನ್ನು ಕೊಟ್ಟು ನಿಲ್ಲುವ ಭಾರಿ ಸೆಂಟರ್‌ಗಳ ಕಾಲ ಮುಗಿದು, ದೂರದಿಂದ ಎಸೆಯುವ, ಓಡುವ ಎತ್ತರದವರಿಗೆ ಬೇಡಿಕೆ ಬಂದಿತ್ತು. ಹದಿನಾಲ್ಕರಲ್ಲಿ ಅವನನ್ನು ಯಾವ ಗುಣಕ್ಕಾಗಿ ಕರೆದೊಯ್ದರೋ, ಹತ್ತೊಂಬತ್ತರಲ್ಲಿ ಅದೇ ಗುಣ ಮಾರುಕಟ್ಟೆಯಲ್ಲಿ ಹಳತಾಗಿತ್ತು.

ಆಮೇಲೆ ಸತ್ನಾಂ ಕೆನಡಾದ ಲೀಗ್‌ನಲ್ಲಿ ಸೇಂಟ್ ಜಾನ್ಸ್ ಎಡ್ಜ್ ತಂಡಕ್ಕೆ ಆಡಿದ. ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿರುವ ಹಿಮದ ಊರು ಅದು. 2019ರಲ್ಲಿ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಹಿಜೆನಮೈನ್ ಎಂಬ ವಸ್ತು ಪತ್ತೆಯಾಗಿ ಎರಡು ವರ್ಷಗಳ ನಿಷೇಧಕ್ಕೆ ಒಳಗಾದ. ಪೂರಕ ಆಹಾರದ ಡಬ್ಬಿಗಳಲ್ಲೂ ಇರಬಹುದಾದ ವಸ್ತು ಇದು. ಮೈಯೊಳಗೆ ಏನು ಹೋಯಿತೋ ಅದಕ್ಕೆ ಆಟಗಾರನೇ ಹೊಣೆ ಎನ್ನುತ್ತದೆ ನಿಯಮ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ ಹೇಳುವವರು ಪಕ್ಕದಲ್ಲಿರಬೇಕಾದದ್ದು ಎಷ್ಟು ಮುಖ್ಯವೆಂದು ಇದರಿಂದ ತಿಳಿಯುತ್ತದೆ. ಈಗ ಆತ ಅಮೆರಿಕದ ವೃತ್ತಿಪರ ಕುಸ್ತಿಯ ಕಣಕ್ಕಿಳಿದಿದ್ದಾನೆ.

ಇದೇ ಹಾದಿಯನ್ನು ಚೀನಾದ ಯಾವೊ ಮಿಂಗ್ ತುಳಿದ ಬಗೆಯೊಂದಿಗೆ ಹೋಲಿಸಿ ನೋಡಬೇಕು. 2002ರಲ್ಲಿ ಮೊದಲ ಆಯ್ಕೆಯಾಗಿ ಹ್ಯೂಸ್ಟನ್ ರಾಕೆಟ್ಸ್ ಸೇರಿದಾಗ ಆತನ ಜೊತೆ ತಂದೆತಾಯಿಯೂ ಹೋದರು. ತಾಯಿ ಫಾಂಗ್ ಫೆಂಗ್ಡಿ ಸ್ವತಃ ಚೀನಾ ಮಹಿಳಾ ತಂಡದ ನಾಯಕಿಯಾಗಿದ್ದವರು. ಕಾಲಿನ್ ಪೈನ್ ಎಂಬ ದುಭಾಷಿ ಅವರ ಮನೆಯಲ್ಲೇ ಇದ್ದು, ಅಭ್ಯಾಸದಲ್ಲಿ, ಪತ್ರಿಕಾಗೋಷ್ಠಿಯಲ್ಲಿ, ಓಡಾಟದಲ್ಲಿ ನೆರಳಿನಂತೆ ಜೊತೆಗಿದ್ದ. ಯಾವೊನ ಪ್ರತಿಭೆ ದೊಡ್ಡದು, ನಿಜ. ಆ ಪ್ರತಿಭೆಯ ಸುತ್ತ ಒಂದು ಮನೆಯನ್ನೇ ಕಟ್ಟಿಕೊಟ್ಟಿದ್ದರು ಎಂಬುದೂ ಅಷ್ಟೇ ನಿಜ.

ಅಂಥ ಮನೆ ನಮ್ಮವರಲ್ಲಿ ಯಾರಿಗೂ ದಕ್ಕಲಿಲ್ಲ. ಇದ್ದುದರಲ್ಲಿ ಅಮ್ರಿತ್‌ಪಾಲ್ ಸಿಂಗ್ ಮತ್ತು ಅಮ್‌ಜ್ಯೋತ್ ಸಿಂಗ್ ಜಪಾನಿಗೆ ಜೊತೆಯಾಗಿ ಹೋದದ್ದು ಒಂದು ಅದೃಷ್ಟ. ಟೋಕಿಯೊ ಎಕ್ಸಲೆನ್ಸ್ ತಂಡದಲ್ಲಿ ಇಬ್ಬರೂ ಒಟ್ಟಿಗೆ ಆಡಿದರು. ಪಂಜಾಬಿಯಲ್ಲಿ ಎರಡು ಮಾತಾಡಲು, ಸೋತ ರಾತ್ರಿ ಜೊತೆಗೆ ಕೂತು ಉಣ್ಣಲು ಇನ್ನೊಬ್ಬರಿದ್ದರು. ಅಮ್ರಿತ್‌ಪಾಲ್ ರೈತ ಕುಟುಂಬದವನು. ಹದಿಹರೆಯದ ಕೊನೆಯಲ್ಲಷ್ಟೇ ಚೆಂಡು ಕೈಗೆತ್ತಿಕೊಂಡವನು. 2014ರ ಜುಲೈನಲ್ಲಿ ವುಹಾನ್‌ನಲ್ಲಿ ಭಾರತ ತಂಡ ಚೀನಾವನ್ನು ಅದರ ನೆಲದಲ್ಲೇ 65–58ರಿಂದ ಸೋಲಿಸಿದಾಗ ಬುಟ್ಟಿಯಡಿಯ ಕೋಟೆ ಕಾದವರಲ್ಲಿ ಇವನೂ ಒಬ್ಬ.

2017–18ರಲ್ಲಿ ಅಮ್ರಿತ್‌ಪಾಲ್ ಆಸ್ಟ್ರೇಲಿಯಾದ ಎನ್‌ಬಿಎಲ್‌ನಲ್ಲಿ ಸಿಡ್ನಿ ಕಿಂಗ್ಸ್ ಸೇರಿದ. ಕೋಚ್ ಆಗಿದ್ದವರು ಆ ದೇಶದ ದಂತಕಥೆ ಆಂಡ್ರೂ ಗೇಜ್. ಆ ಲೀಗ್‌ನ ಪಂದ್ಯದಲ್ಲಿ ಕಣಕ್ಕಿಳಿದ ಮೊದಲ ಭಾರತೀಯ ಇವನೇ. ಭಾರತ ತಂಡದಲ್ಲಿ ಮನೆಯ ನಡುಗಂಬದಂತಿದ್ದವನಿಗೆ ಅಲ್ಲಿ ಸಿಕ್ಕದ್ದು ಕೆಲವೇ ನಿಮಿಷಗಳು. ಹೊರದೇಶದ ಬದುಕಿನ ಅತಿ ಕಠಿಣ ಹೊಂದಾಣಿಕೆ ಇದೇ ಎಂದು ಈ ಲೇಖಕನ ನಂಬಿಕೆ. ಊರಿನಲ್ಲಿ ಪ್ರತಿ ದಾಳಿಯೂ ತನ್ನ ಕೈ ಮುಟ್ಟಿಯೇ ಮುಂದೆ ಹೋಗುತ್ತಿತ್ತು. ಇಲ್ಲಿ ಹತ್ತನೆಯವನಾಗಿ ಕೂತು, ಮೂರನೇ ಕ್ವಾರ್ಟರ್‌ನಲ್ಲಿ ಯಾರಿಗೋ ನಾಲ್ಕನೇ ಫೌಲ್ ಆದಾಗ ಮೈ ಆರಿಹೋಗಿದ್ದರೂ ಥಟ್ಟನೆ ಎದ್ದು, ಎರಡು ನಿಮಿಷ ತಪ್ಪಿಲ್ಲದೆ ಆಡಿ, ಮತ್ತೆ ಬಂದು ಕೂರಬೇಕು. ಚೆಂಡು ಮುಟ್ಟದೆ ಉಪಯುಕ್ತನಾಗುವುದನ್ನು ಕಲಿಯಬೇಕು. ಅಡ್ಡ ನಿಂತು ಗೆಳೆಯನಿಗೆ ದಾರಿ ಮಾಡಿಕೊಡುವುದು, ಎದುರಾಳಿಯನ್ನು ಹಿಂದಕ್ಕೆ ದೂಡಿ ರೀಬೌಂಡ್ ಇನ್ನೊಬ್ಬನ ಕೈಗೆ ಬೀಳುವಂತೆ ಮಾಡುವುದು, ಇಂಥವು. ಮರುದಿನದ ಅಂಕಪಟ್ಟಿಯಲ್ಲಿ ಇದಾವುದೂ ಇರುವುದಿಲ್ಲ. ಊರಿಂದ ಫೋನು ಮಾಡಿ ‘ಎಷ್ಟು ಪಾಯಿಂಟ್ ಹೊಡೆದೆ’ ಎಂದು ಕೇಳುವ ಅಪ್ಪನಿಗೆ ಇದನ್ನು ವಿವರಿಸುವುದೂ ಕಷ್ಟ.

ಅದೇ ವರ್ಷ ಭಾರತದ ನಾಯಕ, ವಾರಾಣಸಿಯ ವಿಶೇಷ್ ಭೃಗುವಂಶಿ ಕೂಡ ಅಡಿಲೇಡ್ ತಂಡದೊಂದಿಗೆ ಒಪ್ಪಂದ ಮಾಡಿಕೊಂಡಿದ್ದ. ಎನ್‌ಬಿಎಲ್ ತಂಡವೊಂದಕ್ಕೆ ಸಹಿ ಹಾಕಿದ ಮೊದಲ ಭಾರತೀಯ. ಕಣಕಾಲಿನ ಗಾಯ ಅವನನ್ನು ಅಂಕಣಕ್ಕೇ ಇಳಿಯಗೊಡಲಿಲ್ಲ. ಅಮ್‌ಜ್ಯೋತ್ ಅಮೆರಿಕದಲ್ಲಿ ಎನ್‌ಬಿಎಗಿಂತ ಒಂದು ಮೆಟ್ಟಿಲು ಕೆಳಗಿನ ಜಿ ಲೀಗ್‌ನ ಒಕ್ಲಹೋಮ ಸಿಟಿ ಬ್ಲೂ ತಂಡ ಸೇರಿದ್ದೂ 2017ರಲ್ಲೇ. ಆಗ ಆ ಲೀಗ್‌ನಲ್ಲಿ ಇಡೀ ಋತುವಿನ ಸಂಬಳ ಆಟಗಾರನ ದರ್ಜೆಯಂತೆ 19 ಸಾವಿರದಿಂದ 26 ಸಾವಿರ ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 12ರಿಂದ 17 ಲಕ್ಷ ರೂಪಾಯಿ. ಅಮೆರಿಕ ಎಂದೊಡನೆ ಕೋಟಿಗಳ ಕನಸು ಕಾಣುವವರು ಈ ಅಂಕಿಯನ್ನು ನೆನಪಿಡಬೇಕು. ಮನೆಯಲ್ಲಿ ಕಾಯಂ ನೌಕರಿಯ ಕುರ್ಚಿ ಕಾದಿರುವಾಗ ಈ ಹಣಕ್ಕೆ, ಯಾವ ಬೆಳಿಗ್ಗೆಯಾದರೂ ಕೈಬಿಡಬಹುದಾದ ಒಪ್ಪಂದಕ್ಕೆ ಹೊರಡುವವನದು ಧೈರ್ಯವೇ ಸರಿ.

ಹೆಣ್ಣುಮಕ್ಕಳು ಈ ಧೈರ್ಯವನ್ನು ಇನ್ನೂ ಮೊದಲೇ ತೋರಿದ್ದರು. ಕೊಂಬೈ ಬೆಟ್ಟದ ಆಚೆ ಮಗ್ಗುಲಿನ ಕೇರಳದ ಗೀತು ಅನ್ನಾ ಜೋಸ್ 2006ರಲ್ಲೇ ಆಸ್ಟ್ರೇಲಿಯಾಕ್ಕೆ ಹೋಗಿ ಮೆಲ್ಬರ್ನ್‌ನ ರಿಂಗ್‌ವುಡ್ ಕ್ಲಬ್‌ಗೆ ಆಡಿದಳು. ಸತ್ನಾಂ ಫ್ಲಾರಿಡಾದ ವಿಮಾನ ಹತ್ತುವುದಕ್ಕೆ ನಾಲ್ಕು ವರ್ಷ ಮೊದಲಿನ ಮಾತಿದು. ಚೆನ್ನೈನ ದಕ್ಷಿಣ ರೈಲ್ವೆಯ ಆಟಗಾರ್ತಿ ಆಕೆ. 2011ರಲ್ಲಿ ಶಿಕಾಗೊ, ಲಾಸ್ ಏಂಜಲೀಸ್, ಸ್ಯಾನ್ ಆಂಟೋನಿಯೊದ ಡಬ್ಲ್ಯೂಎನ್‌ಬಿಎ (ಅಮೆರಿಕದ ಮಹಿಳಾ ಲೀಗ್) ತಂಡಗಳ ಆಯ್ಕೆ ಪರೀಕ್ಷೆಗೂ ಹೋಗಿಬಂದಳು. ಆಯ್ಕೆಯಾಗಲಿಲ್ಲ. ಆದರೆ ದಕ್ಷಿಣ ಭಾರತದ ಹುಡುಗಿಯೊಬ್ಬಳ ಹೆಸರು ಆ ಬಾಗಿಲವರೆಗೆ ತಲುಪಿತ್ತು ಎನ್ನುವುದು ಸಣ್ಣ ಸಂಗತಿಯಲ್ಲ. 2014ರ ಅರ್ಜುನ ಪ್ರಶಸ್ತಿ ಆಕೆಗೆ ಸಂದಿತು.

ಕನ್ನಡನಾಡಿನಿಂದ ಹೊರಟವಳು ಬೆಂಗಳೂರಿನ ಸಂಜನಾ ರಮೇಶ್. ಅವಳು ಹಿಡಿದದ್ದು ಬೇರೆ ದಾರಿ, ಓದಿನ ದಾರಿ. 2019ರಲ್ಲಿ ಪೂರ್ಣ ವಿದ್ಯಾರ್ಥಿವೇತನ ಪಡೆದು ಅಮೆರಿಕದ ನಾರ್ದರ್ನ್ ಅರಿಜೋನ ವಿಶ್ವವಿದ್ಯಾಲಯ ಸೇರಿದಳು. ಅರಿಜೋನ ಎಂದರೆ ಮರುಭೂಮಿ ಎಂದುಕೊಳ್ಳುವವರಿಗೆ ಆ ವಿಶ್ವವಿದ್ಯಾಲಯ ಇರುವ ಫ್ಲಾಗ್‌ಸ್ಟಾಫ್ ಬೆರಗು ಹುಟ್ಟಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರ, ಚಳಿಗಾಲವಿಡೀ ಹಿಮ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಬೆಳೆದ ಶ್ವಾಸಕೋಶ ಅಲ್ಲಿನ ತೆಳು ಗಾಳಿಗೆ ಒಗ್ಗಲು ಸಮಯ ಬೇಡುತ್ತದೆ. ಆ ವಿಶ್ವವಿದ್ಯಾಲಯ ಆಡುವ ಗುಂಪಿನ ಇತರ ತಂಡಗಳು ಮೊಂಟಾನ, ಐಡಹೊಗಳಂಥ ದೂರದ, ಇನ್ನೂ ಚಳಿಯ ರಾಜ್ಯಗಳಲ್ಲಿವೆ. ಪಂದ್ಯ, ಪ್ರಯಾಣ, ಪರೀಕ್ಷೆ ಮೂರೂ ಒಂದೇ ವಾರದಲ್ಲಿ ಬೀಳುವುದು ಅಲ್ಲಿ ಮಾಮೂಲು.

ವೃತ್ತಿಪರ ಆಟವಲ್ಲದಿದ್ದರೂ ಈ ಕಾಲೇಜು ದಾರಿಗೆ ಒಂದು ದೊಡ್ಡ ಗುಣವಿದೆ. ನಾಲ್ಕು ವರ್ಷಗಳ ಗಡುವು, ಕೈಯಲ್ಲೊಂದು ಪದವಿ, ಗಾಯವಾದರೆ ನೋಡಿಕೊಳ್ಳಲು ತಂಡದ ವೈದ್ಯರು, ಭಾಷೆ ತಿದ್ದಿಕೊಳ್ಳಲು ತರಗತಿ. ಬೇರು ಬಿಡಲು ಬೇಕಾದ ಹೊತ್ತು ಇಲ್ಲಿ ಸಿಗುತ್ತದೆ. ಹಣದ ವಿಷಯದಲ್ಲಿ ಮಾತ್ರ ಬೇಲಿ ಇದೆ. 2021ರ ಜುಲೈನಿಂದ ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ ಬಳಸುವ ಜಾಹೀರಾತುಗಳಿಂದ ಗಳಿಸಬಹುದು. ವಿದ್ಯಾರ್ಥಿ ವೀಸಾದಲ್ಲಿರುವ ಹೊರದೇಶದವರಿಗೆ ದುಡಿಮೆಯ ನಿರ್ಬಂಧ ಅಡ್ಡ ಬರುತ್ತದೆ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬಳು ಜಾಹೀರಾತಿನಿಂದ ದುಡಿಯುತ್ತಾಳೆ, ಇನ್ನೊಬ್ಬಳು ವೀಸಾ ಉಳಿಸಿಕೊಳ್ಳಲು ಆ ಹಣವನ್ನು ದೂರವಿಡಬೇಕು.

ಮಹಿಳೆಯರ ಆಟದಲ್ಲಿ ಹೊರದೇಶ ಎಂಬುದು ಅಮೆರಿಕದವರಿಗೂ ತಪ್ಪಿರಲಿಲ್ಲ. ಅಲ್ಲಿನ ತಾರೆ ಡಯಾನ ಟರಾಸಿ 2015ರ ಡಬ್ಲ್ಯೂಎನ್‌ಬಿಎ ಋತುವನ್ನೇ ಆಡದೆ ಬಿಟ್ಟಳು. ಆಕೆ ವಿಶ್ರಾಂತಿ ಪಡೆಯಲೆಂದು ರಷ್ಯಾದ ಯೆಕಟೆರಿನ್‌ಬರ್ಗ್ ಕ್ಲಬ್ ಹಣ ಕೊಟ್ಟಿತ್ತು. ಆಗ ಆ ಕ್ಲಬ್ಬಿನ ಸಂಬಳ ಸುಮಾರು 15 ಲಕ್ಷ ಡಾಲರ್ ಇದ್ದರೆ, ತಾಯ್ನಾಡಿನ ಲೀಗ್‌ನ ಗರಿಷ್ಠ ಸಂಬಳ ಒಂದು ಲಕ್ಷದ ಆಸುಪಾಸಿನಲ್ಲಿತ್ತು. ಅದೇ ಕ್ಲಬ್ಬಿಗೆ ಆಡುತ್ತಿದ್ದ ಬ್ರಿಟ್ನಿ ಗ್ರೈನರ್ 2022ರ ಫೆಬ್ರುವರಿಯಲ್ಲಿ ಮಾಸ್ಕೋ ವಿಮಾನನಿಲ್ದಾಣದಲ್ಲಿ ಬಂಧನಕ್ಕೊಳಗಾಗಿ, ಒಂಬತ್ತು ವರ್ಷಗಳ ಶಿಕ್ಷೆ ಕೇಳಿ, ಡಿಸೆಂಬರ್ 8ರಂದು ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾದಳು. ಹಣ ಹೆಚ್ಚಿರುವ ಕಡೆಗೆ ಹೋಗುವವರು ಆ ನೆಲದ ಕಾನೂನಿನೊಳಗೂ ಹೋಗುತ್ತಾರೆ.

ಹೊರನೆಲವನ್ನು ಮನೆಯಾಗಿಸಿಕೊಂಡವರೂ ಇದ್ದಾರೆ. ಎನ್‌ಬಿಎಯಲ್ಲಿ ಬಾಗಿಲುಗಳು ಮುಚ್ಚಿದ ಮೇಲೆ 2010ರಲ್ಲಿ ಚೀನಾಕ್ಕೆ ಹೋದ ಸ್ಟೀಫನ್ ಮಾರ್ಬರಿ ಬೀಜಿಂಗ್ ತಂಡಕ್ಕೆ 2012, 2014, 2015ರಲ್ಲಿ ಪ್ರಶಸ್ತಿ ಗೆದ್ದುಕೊಟ್ಟ; ಆ ನಗರ ಅವನ ಪ್ರತಿಮೆ ನಿಲ್ಲಿಸಿತು. ಜೋ ಬ್ರಯಂಟ್ 1984ರಲ್ಲಿ ಇಟಲಿಯ ರಿಯೇತಿ ಊರಿಗೆ ಆಡಲು ಹೋದಾಗ ಜೊತೆಗಿದ್ದ ಆರು ವರ್ಷದ ಮಗ ಇಟಾಲಿಯನ್ ಕಲಿತು, ಅಲ್ಲಿನ ಶಾಲೆಗಳಲ್ಲಿ ಓದಿ ಬೆಳೆದ. ಅವನೇ ಕೋಬಿ ಬ್ರಯಂಟ್. ಇವರಿಬ್ಬರ ಕಥೆಯಲ್ಲೂ ಒಂದು ಸಂಗತಿ ಸಮಾನ: ವರ್ಷಗಟ್ಟಲೆ ಅಲ್ಲೇ ನಿಂತರು. ನಮ್ಮವರ ಒಪ್ಪಂದಗಳು ಒಂದು ಋತು ದಾಟಿದ್ದು ಅಪರೂಪ.

ದಾಟಲು ದಾರಿಗಳೂ ಕಿರಿದು. ಎಷ್ಟೋ ಲೀಗ್‌ಗಳಲ್ಲಿ ಹೊರದೇಶದ ಆಟಗಾರರಿಗೆ ಎರಡೋ ಮೂರೋ ಜಾಗ. ಆ ಜಾಗಗಳಿಗೆ ಅಮೆರಿಕದ ಕಾಲೇಜುಗಳಲ್ಲಿ ಆಡಿ ಬಂದ ಸಾವಿರಾರು ಮಂದಿ ಪೈಪೋಟಿಗಿರುತ್ತಾರೆ. ಜಪಾನಿನ ಬಿ.ಲೀಗ್ 2020ರಲ್ಲಿ ಏಷ್ಯಾ ಆಟಗಾರರಿಗೆಂದೇ ಒಂದು ಜಾಗ ತೆರೆದಾಗ ಫಿಲಿಪ್ಪೀನ್ಸ್, ಕೊರಿಯಾ, ಚೀನಾ, ತೈವಾನ್, ಇಂಡೊನೇಷ್ಯಾದವರಿಗೆ ಅವಕಾಶವಾಯಿತು. ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಇಂಥ ಪಟ್ಟಿಗಳಲ್ಲಿ ಭಾರತದ ಹೆಸರು ಸೇರಿಸಿಕೊಳ್ಳಲು ನಮ್ಮ ಕ್ರೀಡಾ ಆಡಳಿತ ಹಟ ಹಿಡಿದು ಕೇಳಬೇಕು. ಒಬ್ಬ ಆಟಗಾರನಿಗೆ ಕೊಡುವ ಪ್ರಶಸ್ತಿಗಿಂತ ಅಂಥ ಒಂದು ಬಾಗಿಲು ಹೆಚ್ಚು ಮಂದಿಗೆ ಒದಗುತ್ತದೆ.

ನೌಕರಿ ಕೊಟ್ಟ ಇಲಾಖೆಗಳೂ ಇಲ್ಲಿ ದೊಡ್ಡ ಪಾತ್ರ ವಹಿಸಬಲ್ಲವು. ಆರು ತಿಂಗಳ ಹೊರದೇಶದ ಒಪ್ಪಂದಕ್ಕೆ ಸಂಬಳವಿಲ್ಲದ ರಜೆ ಕೊಟ್ಟು ಕುರ್ಚಿ ಉಳಿಸಿಕೊಟ್ಟರೆ ಸಾಕು, ಹೊರಡುವವನ ಎದೆಯ ಅರ್ಧ ಭಾರ ಇಳಿಯುತ್ತದೆ. ಹೋಗಿಬಂದವನು ಅಲ್ಲಿನ ತೂಕದ ತರಬೇತಿ, ವಿಡಿಯೊ ನೋಡಿ ಆಟ ಓದುವ ಕ್ರಮ, ಕೂಗಿ ರಕ್ಷಿಸುವ ಅಭ್ಯಾಸವನ್ನು ಹಿಡಿದು ಬರುತ್ತಾನೆ. ಪೆರಿಯಕುಳಂನಂಥ ಊರಿನ ಟೂರ್ನಿಗೆ ಇಲಾಖೆ ತಂಡದೊಂದಿಗೆ ಅವನು ಬಂದಾಗ, ಬೆಳಿಗ್ಗೆ ಒಂದು ಗಂಟೆ ಸುತ್ತಲಿನ ಶಾಲೆಗಳ ಮಕ್ಕಳಿಗೆ ಅದನ್ನು ಕಲಿಸುವಂತೆ ಮಾಡುವುದು ಖರ್ಚಿನ ಕೆಲಸವೂ ಅಲ್ಲ.

ಕಂಬಂ ಕಣಿವೆಯ ಯಾವುದಾದರೂ ಮನೆಗೆ ನಾಳೆ ಏಜೆಂಟನೊಬ್ಬ ಒಪ್ಪಂದದ ಕಾಗದ ಹಿಡಿದು ಬಂದರೆ ಅಪ್ಪ ಅಮ್ಮ ಕೇಳಬೇಕಾದ ಮಾತುಗಳು ಕೆಲವಿವೆ. ಏಜೆಂಟನಿಗೆ ಅಂತರರಾಷ್ಟ್ರೀಯ ಒಕ್ಕೂಟ ಫಿಬಾದ ಪರವಾನಗಿ ಇದೆಯೇ? ದೇಶದಿಂದ ದೇಶಕ್ಕೆ ಹೋಗಲು ಬೇಕಾದ ನಿರಾಕ್ಷೇಪಣಾ ಪತ್ರವನ್ನು ಯಾರು ತರಿಸುತ್ತಾರೆ? ಮನೆ, ವಿಮಾನದ ಟಿಕೆಟ್, ತೆರಿಗೆ ಯಾರ ಲೆಕ್ಕಕ್ಕೆ? ಸಂಬಳ ನಿಂತರೆ ದೂರು ಕೊಡಲು 2007ರಿಂದ ಫಿಬಾ ನೆರವಿನ ಪಂಚಾಯಿತಿ ಮಂಡಳಿಯೊಂದು, ಬ್ಯಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯೂನಲ್, ಕೆಲಸ ಮಾಡುತ್ತಿದೆ. ಆದರೆ ಅಲ್ಲಿಗೆ ಹೋಗಬಹುದೆಂಬ ಸಾಲು ಒಪ್ಪಂದದಲ್ಲಿ ಬರೆದಿರಬೇಕು. ವಿಶೇಷ್‌ನಿಗೆ ಆದಂತೆ ಮೊದಲ ಪಂದ್ಯಕ್ಕೂ ಮುನ್ನ ಕಣಕಾಲು ಕೈಕೊಟ್ಟರೆ ಚಿಕಿತ್ಸೆಯ ಖರ್ಚು ಯಾರದು, ಮಗ ಊರಿಗೆ ವಾಪಸಾದ ಮೇಲೂ ಅದು ಮುಂದುವರಿಯುತ್ತದೆಯೇ ಎಂಬುದನ್ನೂ ಸಹಿ ಹಾಕುವ ಮುಂಚೆಯೇ ಕೇಳಿ ಬರೆಸಿಕೊಳ್ಳಬೇಕು.